ಹಳೇ ಹಾಲಿವುಡ್ ಚಿತ್ರಗಳ ಪೋಷಕ ನಟರು: ನಿಮ್ಮನ್ನು ಬಿಡದೆ ಕಾಡಿದ ಒಂದು ದೃಶ್ಯ ಹೇಳಿ

ಹಳೇ ರೀಲು

ನಿನ್ನೆ ರಾತ್ರಿ ‘ಪಿಕಪ್ ಆನ್ ಸೌತ್ ಸ್ಟ್ರೀಟ್’ ಮೂರನೇ ಸಲ ನೋಡಿದೆ. 1953ರ ಚಿತ್ರ, ಸ್ಯಾಮ್ಯುಯೆಲ್ ಫುಲ್ಲರ್ ನಿರ್ದೇಶನ. ನಾಯಕ ರಿಚರ್ಡ್ ವಿಡ್‌ಮಾರ್ಕ್, ಜೇಬುಗಳ್ಳನ ಪಾತ್ರ. ಆದರೆ ನನ್ನ ನಿದ್ದೆ ಕೆಡಿಸಿದ್ದು ಅವನಲ್ಲ, ಥೆಲ್ಮಾ ರಿಟ್ಟರ್.

ಆಕೆಯ ಪಾತ್ರದ ಹೆಸರು ಮೋ. ನ್ಯೂಯಾರ್ಕಿನಲ್ಲಿ ಟೈ ಮಾರಿಕೊಂಡು ಬದುಕುವ ವಯಸ್ಸಾದ ಹೆಂಗಸು. ಟೈ ಜೊತೆಗೆ ಪೊಲೀಸರಿಗೆ ಸುಳಿವನ್ನೂ ಮಾರುತ್ತಾಳೆ. ಬಂದ ಕಾಸನ್ನೆಲ್ಲ ಕೂಡಿಡುವುದು ತನ್ನ ಮಣ್ಣಿನ ಖರ್ಚಿಗೆ. ಅನಾಥ ಹೆಣಗಳನ್ನು ಹೂಳುವ ಜಾಗಕ್ಕೆ ತನ್ನನ್ನು ಹಾಕಬಾರದು, ತನ್ನದೇ ಅಂತ ಮೂರಡಿ ಆರಡಿ ಜಾಗ ಇರಬೇಕು. ಅಷ್ಟೇ ಅವಳ ಆಸೆ.

ಒಂದು ರಾತ್ರಿ ದಣಿದು ರೂಮಿಗೆ ಬರುತ್ತಾಳೆ. ಗ್ರಾಮಫೋನ್ ಹಾಕುತ್ತಾಳೆ. ಒಳಗೆ ಒಬ್ಬ ಕೊಲೆಗಾರ ಕಾದು ಕೂತಿದ್ದಾನೆ. ಆ ಜೇಬುಗಳ್ಳ ಎಲ್ಲಿದ್ದಾನೆ ಹೇಳು ಅನ್ನುತ್ತಾನೆ. ಜೀವನವಿಡೀ ಸುಳಿವು ಮಾರಿದವಳು ಇವತ್ತು ಬಾಯಿ ಬಿಡುವುದಿಲ್ಲ. ಕೂಗುವುದಿಲ್ಲ, ಕೈ ಮುಗಿಯುವುದಿಲ್ಲ. ನಾನು ನಿಂತುಹೋಗುತ್ತಿರುವ ಹಳೇ ಗಡಿಯಾರ, ನನಗೆ ತುಂಬ ಸುಸ್ತಾಗಿದೆ ಅಂತ ಅವನ ಹತ್ತಿರವೇ ಹೇಳಿಕೊಳ್ಳುತ್ತಾಳೆ. ಊರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವರ ಹತ್ತಿರ ಹೇಳಿಕೊಂಡ ಹಾಗೆ. ಕ್ಯಾಮೆರಾ ನಿಧಾನವಾಗಿ ಅವಳನ್ನು ಬಿಟ್ಟು ಗ್ರಾಮಫೋನ್ ಕಡೆ ಸರಿಯುತ್ತದೆ. ಹಾಡು ಮುಗಿಯುತ್ತದೆ. ಗುಂಡಿನ ಸದ್ದು ಮಾತ್ರ ಕೇಳುತ್ತದೆ.

ನಾಯಕನಿಗೆ ಒಂದೂವರೆ ಗಂಟೆ ಸಿಗುತ್ತದೆ. ಪೋಷಕ ನಟಿಗೆ ಹೆಚ್ಚೆಂದರೆ ಹತ್ತಿಪ್ಪತ್ತು ನಿಮಿಷ. ಬಾಗಿಲು ತೆಗೆದು ಒಳಗೆ ಬರುವಾಗಲೇ ಹಿಂದಿನ ಐವತ್ತು ವರ್ಷದ ಬದುಕನ್ನೂ ಜೊತೆಗೆ ತರಬೇಕು. ರಿಟ್ಟರ್ ತಂದಳು.

ನಿಮಗೆ ಹೀಗೆ ಕಾಡಿದವರು ಯಾರು? ಬರೀ ಹೆಸರಿನ ಪಟ್ಟಿ ಬೇಡ. ಒಂದು ದೃಶ್ಯ ಹೇಳಿ, ಯಾಕೆ ಅಂತ ಹೇಳಿ.

ಪ್ಲಾಜಾ ಬಾಲ್ಕನಿ

ಒಳ್ಳೆಯ ಮಾತು ಎತ್ತಿದಿರಿ. ಬೆಂಗಳೂರಿನ ಎಂ.ಜಿ. ರಸ್ತೆಯ ಪ್ಲಾಜಾ ಟಾಕೀಸಿನಲ್ಲಿ ಇಂಗ್ಲಿಷ್ ಪಿಕ್ಚರ್ ನೋಡಿ ಬೆಳೆದವನು ನಾನು. ಆಗ ನಮಗೆ ಈ ನಟರ ಹೆಸರೇ ಗೊತ್ತಿರಲಿಲ್ಲ. ಮುಖ ಕಂಡ ಕೂಡಲೇ ‘ಓ, ಈ ಮುದುಕ ಬಂದ’ ಅಂತ ಖುಷಿ. ಆ ಮುದುಕ ಯಾರು ಅಂತ ಎಷ್ಟೋ ವರ್ಷದ ಮೇಲೆ ತಿಳಿಯಿತು: ವಾಲ್ಟರ್ ಬ್ರೆನನ್. ‘ರಿಯೋ ಬ್ರಾವೋ’ದಲ್ಲಿ (1959) ಕುಂಟುತ್ತಾ, ಗೊಣಗುತ್ತಾ ಜೈಲು ಕಾಯುವ ಸ್ಟಂಪಿ. ಜಾನ್ ವೇನ್ ಎದುರು ನಿಂತು ಬಾಯಿ ಮಾಡುವ ಧೈರ್ಯ ಇದ್ದದ್ದು ಅವನೊಬ್ಬನಿಗೇ!

ಪೋಷಕ ನಟರಿಗೆ ಆಸ್ಕರ್ ಶುರುವಾಗಿದ್ದು 1936ರ ಚಿತ್ರಗಳಿಂದ. ಆ ಮೊದಲ ವರ್ಷವೇ ಗೆದ್ದದ್ದು ಬ್ರೆನನ್. ಆಮೇಲೆ 1938ಕ್ಕೆ ಒಂದು, 1940ಕ್ಕೆ ಒಂದು. ಐದು ವರ್ಷದಲ್ಲಿ ಮೂರು.

ನಾಟಕದ ಮನೆ

ಬ್ರೆನನ್‌ಗೆ ಮೂರು, ರಿಟ್ಟರ್‌ಗೆ ಆರು ಸಲ ಹೆಸರು ಬಂದರೂ ಸೊನ್ನೆ. ಇದು ನನಗೆ ಇವತ್ತಿಗೂ ನುಂಗಲಾರದ ತುತ್ತು. 1950, 51, 52, 53, ನಾಲ್ಕು ವರ್ಷ ಸಾಲಾಗಿ ನಾಮನಿರ್ದೇಶನ. ಆಮೇಲೆ ‘ಪಿಲ್ಲೋ ಟಾಕ್’, ಕೊನೆಗೆ ‘ಬರ್ಡ್‌ಮ್ಯಾನ್ ಆಫ್ ಆಲ್ಕಟ್ರಾಜ್’. ಪ್ರತಿ ಸಲ ಬೇರೆಯವರ ಹೆಸರು ಕೂಗಿದರು.

ಪ್ಲಾಜಾ ಬಾಲ್ಕನಿ

ನಿಮ್ಮ ಸಿಟ್ಟು ನ್ಯಾಯವೇ ಮೇಡಂ. ಬ್ರೆನನ್ ಗೆದ್ದ ಕಾಲದಲ್ಲಿ ಎಕ್ಸ್‌ಟ್ರಾ ಕಲಾವಿದರಿಗೂ ಮತ ಇತ್ತು. ಅವನು ಅವರ ಸಾಲಿನಿಂದಲೇ ಮೇಲೆ ಬಂದವನು. ನಮ್ಮವನು ಅಂತ ಅವರೆಲ್ಲ ಕೈ ಹಿಡಿದರು. ಅದನ್ನು ನಾನು ತಪ್ಪು ಅನ್ನುವುದಿಲ್ಲ.

ಇನ್ನೊಂದು ವಿಷಯ. ಮೊದಲ ಕೆಲವು ವರ್ಷ ಪೋಷಕ ನಟರಿಗೆ ಆ ಚಿನ್ನದ ಬೊಂಬೆ ಕೊಡುತ್ತಲೇ ಇರಲಿಲ್ಲ. ಒಂದು ಫಲಕ ಕೊಟ್ಟು ಕಳಿಸುತ್ತಿದ್ದರು. ಪೂರ್ತಿ ಬೊಂಬೆ ಸಿಗಲು ಶುರುವಾಗಿದ್ದು 1943ರ ಚಿತ್ರಗಳ ಪ್ರಶಸ್ತಿಯಿಂದ. ದೊಡ್ಡ ಪಂಕ್ತಿ, ಚಿಕ್ಕ ಪಂಕ್ತಿ ಅಂತ ಮಾಡಿಟ್ಟಿದ್ದರು ಅಲ್ವಾ?

ಕಾಫಿ ತೋಟ

ನನ್ನ ಆಯ್ಕೆ ಒಬ್ಬ ನಟ ಅಲ್ಲ, ಒಂದು ಇಡೀ ಹೋಟೆಲು. ‘ಕಾಸಾಬ್ಲಾಂಕಾ’ದ (1942) ರಿಕ್ಸ್ ಕೆಫೆ, ಯುದ್ಧಕಾಲದಲ್ಲಿ ನಾಜಿಗಳಿಂದ ತಪ್ಪಿಸಿಕೊಂಡವರು ಬಂದು ಸೇರುವ ಜಾಗ.

ಎಲ್ಲರೂ ಬೋಗಾರ್ಟ್, ಬರ್ಗ್‌ಮನ್ ಪ್ರೇಮದ ಬಗ್ಗೆ ಮಾತಾಡುತ್ತಾರೆ. ನಾನು ಈಚೆಗೆ ಆ ಚಿತ್ರ ಹಾಕಿದರೆ ಹಿಂದಿನ ಮೇಜುಗಳನ್ನು ನೋಡುತ್ತೇನೆ. ತೆರೆಯ ಮೇಲೆ ಹೆಸರು ಬರುವ ನಟರಲ್ಲಿ ಅಮೆರಿಕದಲ್ಲಿ ಹುಟ್ಟಿದವರು ಮೂರೇ ಜನ: ಬೋಗಾರ್ಟ್, ಪಿಯಾನೋ ಸ್ಯಾಮ್ ಆದ ಡೂಲಿ ವಿಲ್ಸನ್, ಮತ್ತು ಆ ಬಲ್ಗೇರಿಯಾದ ಹುಡುಗಿ ಆದ ಜಾಯ್ ಪೇಜ್. ಉಳಿದವರೆಲ್ಲ ಹೊರಗಿನವರು. ಅವರಲ್ಲಿ ಎಷ್ಟೋ ಜನ ನಾಜಿಗಳಿಂದ ತಪ್ಪಿಸಿಕೊಂಡು ಓಡಿ ಬಂದವರು.

ಯ್ವೋನ್ ಪಾತ್ರದ ಹುಡುಗಿ ಗೊತ್ತಲ್ಲ, ಬೋಗಾರ್ಟ್ ಕೈಬಿಟ್ಟವಳು? ಮಡಲೀನ್ ಲೆಬೋ. ಜೂಜಿನ ಚಕ್ರ ತಿರುಗಿಸುವ ಎಮಿಲ್ ಪಾತ್ರದಲ್ಲಿ ಮಾರ್ಸೆಲ್ ದಾಲಿಯೋ. ನಿಜ ಜೀವನದಲ್ಲಿ ಇವರಿಬ್ಬರೂ ಗಂಡ ಹೆಂಡತಿ. ದಾಲಿಯೋ ಯಹೂದಿ, ಫ್ರಾನ್ಸ್‌ನಲ್ಲಿ ದೊಡ್ಡ ಹೆಸರು. ನಿರ್ದೇಶಕ ರೆನ್ವಾರ್ ಚಿತ್ರಗಳಲ್ಲಿ ಮುಖ್ಯ ಪಾತ್ರ ಮಾಡಿದವನು. 1940ರಲ್ಲಿ ಜರ್ಮನ್ನರು ಬರುವ ಮುಂಚೆ ಇಬ್ಬರೂ ಪ್ಯಾರಿಸ್ ಬಿಟ್ಟು ಲಿಸ್ಬನ್ ದಾರಿ ಹಿಡಿದರು. ಅಂದರೆ ಚಿತ್ರದ ಕಥೆಯಲ್ಲಿ ಎಲ್ಲರೂ ಹೋಗಲು ಹಂಬಲಿಸುವ ಅದೇ ಲಿಸ್ಬನ್. ದಾಲಿಯೋನ ಮುಖವನ್ನೇ ನಾಜಿಗಳು ‘ಯಹೂದಿ ಅಂದರೆ ಹೀಗಿರುತ್ತಾನೆ’ ಅಂತ ಪೋಸ್ಟರ್ ಮಾಡಿ ಅಂಟಿಸಿದ್ದರು. ಅಂಥವನಿಗೆ ಹಾಲಿವುಡ್‌ನಲ್ಲಿ ಸಿಕ್ಕಿದ್ದು ನಾಲ್ಕು ಮಾತಿನ ಪಾತ್ರ.

ಈಗ ಆ ದೃಶ್ಯ. ಜರ್ಮನ್ ಅಧಿಕಾರಿಗಳು ಪಿಯಾನೋ ಸುತ್ತ ನಿಂತು ತಮ್ಮ ಹಾಡು ಹಾಡುತ್ತಿದ್ದಾರೆ. ನಾಜಿಗಳ ವಿರುದ್ಧ ಹೋರಾಡುವ ಲಾಸ್ಲೋ ಬ್ಯಾಂಡಿನವರ ಹತ್ತಿರ ಹೋಗಿ ಫ್ರಾನ್ಸ್‌ನ ರಾಷ್ಟ್ರಗೀತೆ ನುಡಿಸಿ ಅನ್ನುತ್ತಾನೆ. ಅವರು ಕೆಫೆಯ ಯಜಮಾನ ಬೋಗಾರ್ಟ್ ಕಡೆ ನೋಡುತ್ತಾರೆ. ಅವನು ಸುಮ್ನೆ ಒಂದು ಸಲ ತಲೆ ಆಡಿಸುತ್ತಾನೆ. ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಾರೆ. ಆಗ ಲೆಬೋ ಮುಖ ತೆರೆ ತುಂಬಾ ಬರುತ್ತದೆ. ಕಣ್ಣೀರು ಕೆನ್ನೆಗೆ ಇಳಿದಿದೆ, ಅದನ್ನು ಒರೆಸಿಕೊಳ್ಳದೆ ಹಾಡುತ್ತಿದ್ದಾಳೆ. ಹತ್ತೊಂಬತ್ತರ ಹುಡುಗಿ. ಅವಳ ಊರು ಆ ದಿನ ನಿಜವಾಗಿಯೂ ಶತ್ರುಗಳ ಕೈಯಲ್ಲಿತ್ತು. ಯುದ್ಧ ಯಾರು ಗೆಲ್ಲುತ್ತಾರೆ ಅಂತ ಅಲ್ಲಿ ನಿಂತ ಒಬ್ಬರಿಗೂ ಗೊತ್ತಿರಲಿಲ್ಲ.

ಅದನ್ನು ನಟನೆ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಹಳೇ ರೀಲು

ಇದೇ ನಾನು ಹೇಳಲು ಹೊರಟಿದ್ದು, ನೀವು ನನಗಿಂತ ಚೆನ್ನಾಗಿ ಹೇಳಿದಿರಿ. ಅದೇ ಕೆಫೆಯಲ್ಲಿ ಕಾರ್ಲ್ ಅನ್ನುವ ದಪ್ಪ ಮಾಣಿ ಇದ್ದಾನಲ್ಲ, ಎಸ್.ಝಡ್. ಸಕಾಲ್. ಹಂಗೇರಿಯವನು. ಮರುದಿನ ಅಮೆರಿಕಕ್ಕೆ ಹೊರಡುವ ವಯಸ್ಸಾದ ದಂಪತಿ ಅವನನ್ನು ಕೂರಿಸಿಕೊಂಡು ತಾವು ಕಲಿತ ಇಂಗ್ಲಿಷ್ ತೋರಿಸುತ್ತಾರೆ. ಗಂಟೆ ಎಷ್ಟು ಅಂತ ಕೇಳುವುದಕ್ಕೂ ಬರುವುದಿಲ್ಲ, ಎಲ್ಲ ಪದ ತಪ್ಪು. ಸಕಾಲ್ ನಗುವುದಿಲ್ಲ. ನೀವು ಅಮೆರಿಕದಲ್ಲಿ ಚೆನ್ನಾಗಿ ಹೊಂದಿಕೊಳ್ಳುತ್ತೀರಿ ಅಂತ ಪ್ರೀತಿಯಿಂದ ಹೇಳುತ್ತಾನೆ. ಆ ದಂಪತಿಯಾಗಿ ನಟಿಸಿದವರೂ ಹಾಗೇ ಓಡಿ ಬಂದವರು. ಸಕಾಲ್‌ನ ಮೂವರು ಅಕ್ಕತಂಗಿಯರು ನಾಜಿ ಶಿಬಿರಗಳಲ್ಲಿ ಸತ್ತರು. ಇದು ಗೊತ್ತಾದ ಮೇಲೆ ಅವನ ಗುಂಡು ಕೆನ್ನೆ ನೋಡಿದರೆ ಗಂಟಲು ಕಟ್ಟುತ್ತದೆ.

ನ್ಯೂಜೆರ್ಸಿ ಕನ್ನಡಿಗ

ಕ್ಲಾಡ್ ರೇನ್ಸ್ ಹೆಸರು ಇನ್ನೂ ಯಾರೂ ಹೇಳಲಿಲ್ಲವಲ್ಲ! ಅದೇ ಚಿತ್ರದ ಪೊಲೀಸ್ ಅಧಿಕಾರಿ, ಕ್ಯಾಪ್ಟನ್ ರೆನೋ. ‘ಇಲ್ಲಿ ಜೂಜು ನಡೆಯುತ್ತದೆಯಾ’ ಅಂತ ಗಾಬರಿ ತೋರಿಸಿ ಕೆಫೆ ಮುಚ್ಚಿಸುತ್ತಾನೆ, ಅದೇ ಗಳಿಗೆಯಲ್ಲಿ ಎಮಿಲ್ ಬಂದು ‘ಸರ್, ನೀವು ಗೆದ್ದ ದುಡ್ಡು’ ಅಂತ ಕೈಗಿಡುತ್ತಾನೆ. ರೇನ್ಸ್ ಮೆಲ್ಲಗೆ ಥ್ಯಾಂಕ್ಸ್ ಹೇಳಿ ಜೇಬಿಗೆ ಹಾಕುತ್ತಾನೆ. ಮುಖದ ಒಂದು ಗೆರೆ ಅಲುಗುವುದಿಲ್ಲ. ನಾಲ್ಕು ಸಲ ನಾಮನಿರ್ದೇಶನ, ಅವನಿಗೂ ಒಂದೂ ಬರಲಿಲ್ಲ.

ಆದರೆ ನನಗೆ ಅವನು ಬೇಕಾಗುವುದು ‘ನಟೋರಿಯಸ್’ನಲ್ಲಿ (1946). ಖಳನಾಯಕ, ನಾಜಿ. ಆದರೂ ಹೆಂಡತಿಯನ್ನು ನಿಜವಾಗಿ ಪ್ರೀತಿಸಿದವನು. ಅವಳು ಗೂಢಚಾರಿಣಿ ಅಂತ ಗೊತ್ತಾದ ದಿನ ಬೆಳಗಿನ ಜಾವ ಅಮ್ಮನ ಕೋಣೆಗೆ ಹೋಗಿ ಕೂರುತ್ತಾನೆ. ಪೆಟ್ಟು ತಿಂದ ಹುಡುಗನ ಹಾಗೆ. ಕೊನೆಯಲ್ಲಿ ಹೆಂಡತಿಯನ್ನು ಕರೆದೊಯ್ಯುವ ಕಾರು ಬಾಗಿಲು ಮುಚ್ಚಿಕೊಂಡು ಹೋದಾಗ ಅವನು ಮೆಟ್ಟಿಲು ಹತ್ತಿ ತನ್ನವರ ಕಡೆಗೇ ವಾಪಸ್ ನಡೆಯಬೇಕು. ಒಳಗೆ ಹೋದರೆ ಸಾವು. ಕೇಡಿಗನಿಗೆ ಮರುಗುವ ಹಾಗೆ ಮಾಡಿದ ನಟ ನನಗೆ ಬೇರೆ ಸಿಕ್ಕಿಲ್ಲ.

ನಾಟಕದ ಮನೆ

ನಾನು ಹವ್ಯಾಸಿ ನಾಟಕದಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಹೆಚ್ಚಾಗಿ ಅತ್ತೆ, ದಾದಿ, ಪಕ್ಕದ ಮನೆಯವಳು. ಅದಕ್ಕೇ ಈ ಜನರನ್ನು ಕಸುಬಿನ ಕಣ್ಣಿನಿಂದ ನೋಡುತ್ತೇನೆ.

‘ರೆಬೆಕ್ಕಾ’ದ (1940) ಮಿಸೆಸ್ ಡ್ಯಾನ್‌ವರ್ಸ್, ಜುಡಿತ್ ಆಂಡರ್ಸನ್. ಆ ಮನೆಯ ಮೇಲ್ವಿಚಾರಕಿ. ಅವಳು ನಡೆದು ಬರುವುದನ್ನು ನಿರ್ದೇಶಕ ಹಿಚ್‌ಕಾಕ್ ತೋರಿಸುವುದೇ ಅಪರೂಪ. ಹೊಸ ಹೆಂಡತಿ ತಿರುಗಿ ನೋಡಿದರೆ ಡ್ಯಾನ್‌ವರ್ಸ್ ಅಲ್ಲಿ ನಿಂತಿರುತ್ತಾಳೆ, ಅಷ್ಟೇ. ಯಾವಾಗ ಬಂದಳು, ಎಲ್ಲಿಂದ ಬಂದಳು ಗೊತ್ತಿಲ್ಲ. ಕೈ ಮುಂದೆ ಕಟ್ಟಿಕೊಂಡು, ಕತ್ತು ನೆಟ್ಟಗೆ. ಸತ್ತ ಯಜಮಾನಿಯ ಕೋಣೆ ತೋರಿಸುವ ದೃಶ್ಯದಲ್ಲಿ ಅವಳ ತುಪ್ಪಳದ ಕೋಟು ತೆಗೆದು ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ಅಲ್ಲಿಯವರೆಗೆ ಕಲ್ಲಿನ ಹಾಗಿದ್ದ ಮುಖ ಒಂದು ಕ್ಷಣ ಮೆತ್ತಗಾಗುತ್ತದೆ. ಭಯ ಆಗುವುದು ಆ ಮೆತ್ತಗಿನ ಕ್ಷಣದಲ್ಲಿ.

ನಮ್ಮ ಹುಡುಗಿಯರಿಗೆ ನಾನು ಇದನ್ನೇ ತೋರಿಸುತ್ತೇನೆ. ಪಾತ್ರ ಚಿಕ್ಕದಾದರೆ ಜಾಸ್ತಿ ಮಾಡಬೇಡಿ, ಕಡಿಮೆ ಮಾಡಿ.

ಮಲೆನಾಡ ಮಳೆ

ಹ್ಯಾಟಿ ಮೆಕ್‌ಡೇನಿಯಲ್ ಬಗ್ಗೆ ಮಾತಾಡದೆ ಈ ಚರ್ಚೆ ಮುಗಿಯಬಾರದು. ‘ಗಾನ್ ವಿತ್ ದ ವಿಂಡ್’ನ ಮ್ಯಾಮಿ, ಧಣಿಗಳ ಮನೆಯ ಗುಲಾಮ ದಾದಿ. 1939ರ ಚಿತ್ರ. ಅಟ್ಲಾಂಟಾದಲ್ಲಿ ಮೊದಲ ಪ್ರದರ್ಶನ ಆದಾಗ ಕರಿಯರು ಅನ್ನುವ ಕಾರಣಕ್ಕೆ ಆಕೆಗೆ ಅಲ್ಲಿ ಪ್ರವೇಶ ಇರಲಿಲ್ಲ. 1940ರ ಫೆಬ್ರವರಿ 29ರಂದು ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲಿನಲ್ಲಿ ಆಸ್ಕರ್ ಸಮಾರಂಭ. ಆ ಹೋಟೆಲಿಗೂ ಕರಿಯರನ್ನು ಬಿಡುತ್ತಿರಲಿಲ್ಲ. ನಿರ್ಮಾಪಕರು ಕೇಳಿಕೊಂಡ ಮೇಲೆ ಒಳಗೆ ಬಿಟ್ಟರು. ಚಿತ್ರತಂಡದ ಜೊತೆ ಅಲ್ಲ, ಗೋಡೆ ಪಕ್ಕ ಒಂದು ಬೇರೆ ಮೇಜು. ಗೆದ್ದಾಗ ಅಲ್ಲಿಂದಲೇ ಎದ್ದು ನಡೆದು ಬಂದರು. ಆಸ್ಕರ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್. ಅದೇ ಪ್ರಶಸ್ತಿ ಇನ್ನೊಬ್ಬ ಕಪ್ಪು ಮಹಿಳೆಗೆ ಸಿಗಲು ಐವತ್ತು ವರ್ಷ ಬೇಕಾಯಿತು, 1990ರ ಚಿತ್ರಕ್ಕೆ ವೂಪಿ ಗೋಲ್ಡ್‌ಬರ್ಗ್.

ಓದುವ ಹುಚ್ಚು

ಆಕೆಯ ಮೇಲೆ ಗೌರವ ಇದೆ. ಆದರೆ ಆ ಪಾತ್ರವನ್ನು ಕೊಂಡಾಡಲು ನನಗೆ ಕಷ್ಟ ಆಗುತ್ತದೆ. ಗುಲಾಮಗಿರಿಯನ್ನು ಸುಖದ ಸಂಸಾರದ ಹಾಗೆ ತೋರಿಸಿದ ಚಿತ್ರ ಅದು. ಮ್ಯಾಮಿಗೆ ಸ್ವಂತ ಮನೆ ಇಲ್ಲ, ಮಕ್ಕಳಿಲ್ಲ, ಸ್ವಂತ ಹೆಸರೂ ಇಲ್ಲ. ಧಣಿಗಳ ಮನೆಯ ಚಿಂತೆಯೇ ಅವಳ ಚಿಂತೆ. ಮೇಲೆ ಹಳೇ ರೀಲು ಅವರು ಹೇಳಿದರಲ್ಲ, ನಟಿ ಹಿಂದಿನ ಬದುಕನ್ನು ತರಬೇಕು ಅಂತ. ಇಲ್ಲಿ ಬರೆದವರು ಅವಳಿಗೆ ಹಿಂದಿನ ಬದುಕನ್ನೇ ಕೊಟ್ಟಿಲ್ಲ. ಆ ಕಾಲದ ಕಪ್ಪು ಸಂಘಟನೆಗಳೂ ಇಂಥ ಪಾತ್ರಗಳನ್ನು ವಿರೋಧಿಸಿದ್ದವು.

ಮಲೆನಾಡ ಮಳೆ

ನಿಮ್ಮ ಮಾತು ಸರಿ, ಚಿತ್ರದ ಬಗ್ಗೆ ನನಗೂ ಅದೇ ಅಭಿಪ್ರಾಯ. ಆದರೆ ಒಂದು ದೃಶ್ಯ ನೋಡಿ. ನಾಯಕ ನಾಯಕಿಯರ ಮಗು ಬಾನಿ ಸತ್ತ ಮೇಲೆ ಮ್ಯಾಮಿ, ಮನೆಯವರ ಆಪ್ತೆ ಮೆಲನಿಯನ್ನು ಕರೆದುಕೊಂಡು ಮೆಟ್ಟಿಲು ಹತ್ತುತ್ತಾಳೆ. ಮಹಡಿಯಲ್ಲಿ ಏನೇನು ನಡೆಯಿತು ಅಂತ ಅಳುತ್ತಾ ಹೇಳುತ್ತಾ ಹೋಗುತ್ತಾಳೆ. ಮಗು ಸತ್ತ ಮೇಲಿನ ಗಂಡ ಹೆಂಡಿರ ಜಗಳವನ್ನು ನಮಗೆ ತೋರಿಸುವುದಿಲ್ಲ. ಎಲ್ಲ ಅವಳ ಬಾಯಲ್ಲೇ ಕೇಳಬೇಕು. ಒಂದು ಮೆಟ್ಟಿಲು, ಎರಡು ಮಾತು, ಉಸಿರು. ಎದುರಿಗೆ ಮೆಲನಿಯಾಗಿ ಒಲಿವಿಯಾ ಡಿ ಹ್ಯಾವಿಲಂಡ್. ಅದೇ ಪ್ರಶಸ್ತಿಗೆ ಅದೇ ವರ್ಷ ಸ್ಪರ್ಧೆಯಲ್ಲಿದ್ದವರು! ಬರೆದವರು ಕೊಡದೇ ಇದ್ದ ಬದುಕನ್ನು ಹ್ಯಾಟಿ ತಾವೇ ತಂದರು. ಅವರ ತಂದೆ ತಾಯಿ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದವರು. ಪಾತ್ರ ಸಿಗದ ದಿನಗಳಲ್ಲಿ ಆಕೆಯೇ ಬೇರೆಯವರ ಮನೆ ಕೆಲಸ ಮಾಡಿದ್ದಾರೆ.

ಓದುವ ಹುಚ್ಚು

ಮೆಟ್ಟಿಲಿನ ದೃಶ್ಯ ಈಗ ಮತ್ತೆ ನೋಡಿದೆ. ಹೌದು. ಅಲ್ಲಿ ಅವರು ಯಾರ ಮನೆಯ ಆಳೂ ಅಲ್ಲ. ಚಿತ್ರದ ಮೇಲಿನ ನನ್ನ ಸಿಟ್ಟು ಹಾಗೇ ಇದೆ, ಆಕೆಯ ಮೇಲಿನ ಗೌರವ ಜಾಸ್ತಿಯಾಯಿತು. ಆ ಫಲಕ ಎಲ್ಲಿದೆ ಈಗ?

ಮಲೆನಾಡ ಮಳೆ

ಹವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಬೇಕು ಅಂತ ಉಯಿಲು ಬರೆದಿದ್ದರು. ಅಲ್ಲಿಂದ ಅದು ಕಾಣೆಯಾಯಿತು. 2023ರಲ್ಲಿ ಆಸ್ಕರ್ ಕೊಡುವ ಅಕಾಡೆಮಿ ಅದರ ಬದಲು ಇನ್ನೊಂದು ಮಾಡಿಸಿ ಅದೇ ವಿಶ್ವವಿದ್ಯಾಲಯಕ್ಕೆ ಕೊಟ್ಟಿತು. 1952ರಲ್ಲಿ ಆಕೆ ತೀರಿಕೊಂಡಾಗ ಹಾಲಿವುಡ್‌ನ ಸ್ಮಶಾನದಲ್ಲಿ ಮಣ್ಣಾಗಬೇಕು ಅನ್ನುವ ಆಸೆ ಇತ್ತು. ಬಿಳಿಯರಿಗೆ ಮಾತ್ರ ಅಂತ ಅಲ್ಲಿಯೂ ಜಾಗ ಕೊಡಲಿಲ್ಲ.

ಹಳೇ ರೀಲು

ಓದಿ ಸುಮಾರು ಹೊತ್ತು ಏನೂ ಬರೆಯಲಾಗಲಿಲ್ಲ. ನಾನು ಶುರು ಮಾಡಿದ್ದೇ ಮೋ ಕಥೆಯಿಂದ, ಅವಳ ಆ ಮೂರಡಿ ಆರಡಿ ಜಾಗದಿಂದ.

ಕಬಿನಿ ದಡ

ನಮಸ್ಕಾರ. ನಾನು ಎಚ್.ಡಿ. ಕೋಟೆ ಕಡೆಯವನು. ನಮ್ಮ ಕಡೆಯ ಒಬ್ಬರ ಹೆಸರು ಇಲ್ಲಿ ಬರಲೇಬೇಕು: ಸಾಬು.

ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. ಚಿಕ್ಕವನಿದ್ದಾಗಲೇ ಅಪ್ಪ ಅಮ್ಮ ಇಬ್ಬರೂ ಇಲ್ಲ, ಮೈಸೂರು ಮಹಾರಾಜರ ಆನೆ ಲಾಯದ ಆಸರೆ. ರಾಬರ್ಟ್ ಫ್ಲಾಹರ್ಟಿ ತಂಡದವರು ‘ಎಲಿಫೆಂಟ್ ಬಾಯ್’ (1937) ಚಿತ್ರಕ್ಕೆ ಹುಡುಗನನ್ನು ಹುಡುಕುತ್ತಾ ಬಂದಾಗ ಕಣ್ಣಿಗೆ ಬಿದ್ದ. ಆನೆ ಮುಂದೆ ಹೇಗೆ ನಿಲ್ಲಬೇಕು ಅಂತ ಯಾರೂ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಆನೆ ಸೊಂಡಿಲು ಕೆಳಗೆ ಚಾಚಿದರೆ ಮೆಟ್ಟಿಲು ಹತ್ತಿದಷ್ಟು ಸಲೀಸಾಗಿ ಏರುತ್ತಾನೆ. ಆ ಸಲುಗೆ ನಮ್ಮ ಮಾವುತರ ಮಕ್ಕಳಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ.

ನ್ಯೂಜೆರ್ಸಿ ಕನ್ನಡಿಗ

ಆದರೆ ಅದರಲ್ಲಿ ಅವನೇ ನಾಯಕ ಅಲ್ವಾ? ಅದೂ ಬ್ರಿಟಿಷ್ ಚಿತ್ರ.

ಕಬಿನಿ ದಡ

ಹೌದು ಸರ್. ನನ್ನ ಸಂಕಟ ಇರುವುದೇ ಅಲ್ಲಿ. ಹುಡುಗನಾಗಿದ್ದಾಗ ನಾಯಕ. ‘ದ ಥೀಫ್ ಆಫ್ ಬಾಗ್ದಾದ್’ (1940) ಇಂಗ್ಲೆಂಡಿನಲ್ಲಿ ಶುರುವಾಗಿ, ಯುದ್ಧ ಬಂದು, ಹಾಲಿವುಡ್‌ನಲ್ಲಿ ಮುಗಿಯಿತು. ಅಲ್ಲೇ ಉಳಿದ. 1942ರಲ್ಲಿ ‘ಜಂಗಲ್ ಬುಕ್’ನ ಮೌಗ್ಲಿ. ದೊಡ್ಡವನಾದ ಮೇಲೆ ಯೂನಿವರ್ಸಲ್ ಸ್ಟುಡಿಯೋದಲ್ಲಿ ಸಿಕ್ಕಿದ್ದು ನಾಯಕನ ಗೆಳೆಯನ ಪಾತ್ರ. ‘ಅರೇಬಿಯನ್ ನೈಟ್ಸ್’, ‘ಕೋಬ್ರಾ ವುಮನ್’, ಎಲ್ಲದರಲ್ಲೂ ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮೊಂಟೆಜ್, ಜೊತೆಗೆ ಸಾಬು. ಆ ಚಿತ್ರಗಳು ಬಣ್ಣದ ಜಾತ್ರೆ, ನಿಜ. ಆದರೆ ಇವನು ನಕ್ಕರೆ ತೆರೆಯ ಮೇಲೆ ಉಳಿದಿಬ್ಬರು ಕಾಣುವುದಿಲ್ಲ.

1944ರಲ್ಲಿ ಅಮೆರಿಕದ ಪ್ರಜೆಯಾದ. ಅವರ ವಾಯುಸೇನೆ ಸೇರಿ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ಮೇಲೆ ಹಾರಿದ. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ವಾಪಸ್ ಬಂದ ಮೇಲೆ ಒಳ್ಳೆಯ ಪಾತ್ರಗಳು ಕಡಿಮೆಯಾದವು. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡ. ಮೂವತ್ತೊಂಬತ್ತು ವರ್ಷ ಅಷ್ಟೇ. ಹಾಲಿವುಡ್ ರಸ್ತೆಯಲ್ಲಿ ಅವನ ಹೆಸರಿನ ನಕ್ಷತ್ರ ಇದೆ. ಕಾರಾಪುರಕ್ಕೆ ಸಫಾರಿಗೆ ಬರುವವರಲ್ಲಿ ಎಷ್ಟು ಜನಕ್ಕೆ ಅವನ ಹೆಸರು ಗೊತ್ತಿದೆ?

ಪ್ಲಾಜಾ ಬಾಲ್ಕನಿ

ಸಾಬು ಅಂದರೆ ನಮ್ಮಪ್ಪನಿಗೆ ಪ್ರಾಣ. ‘ಮೈಸೂರಿನ ಹುಡುಗ’ ಅಂತಲೇ ಕರೆಯುತ್ತಿದ್ದರು, ನೆಂಟರ ಮಗನ ಹಾಗೆ. ಬರೆದದ್ದಕ್ಕೆ ಥ್ಯಾಂಕ್ಸ್ ತಮ್ಮಾ.

ಕಾಫಿ ತೋಟ

ನಾನು ಇನ್ನೊಬ್ಬರನ್ನು ಸೇರಿಸುತ್ತೇನೆ. ಹೆರಾಲ್ಡ್ ರಸೆಲ್. ನಟನೇ ಅಲ್ಲ, ಸೈನಿಕ. 1944ರಲ್ಲಿ ತರಬೇತಿ ಕೊಡುವಾಗ ಸ್ಫೋಟಕ ಕೈಯಲ್ಲೇ ಸಿಡಿದು ಎರಡೂ ಕೈ ಹೋಯಿತು. ‘ದ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ನಲ್ಲಿ (1946) ಯುದ್ಧದಿಂದ ಮರಳಿದ ಹೋಮರ್. ಪ್ರೀತಿಸಿದ ಹುಡುಗಿಯನ್ನು ಕೋಣೆಗೆ ಕರೆದು, ಮಲಗುವ ಮುಂಚೆ ಕೈಗಳ ಬದಲಿಗೆ ಹಾಕಿಕೊಂಡ ಕೊಕ್ಕೆಗಳನ್ನು ಹೇಗೆ ಕಳಚುತ್ತೇನೆ ಅಂತ ತೋರಿಸುತ್ತಾನೆ. ಕಳಚಿದ ಮೇಲೆ ತನಗೆ ಒಂದು ಬಾಗಿಲು ತೆಗೆಯಲೂ ಆಗುವುದಿಲ್ಲ ಅನ್ನುತ್ತಾನೆ. ಅವಳು ಅವನ ಅಂಗಿಯ ಗುಂಡಿ ಹಾಕುತ್ತಾಳೆ.

ಒಂದೇ ಪಾತ್ರಕ್ಕೆ ಎರಡು ಆಸ್ಕರ್ ಪಡೆದವನು ಅವನೊಬ್ಬನೇ. ಒಂದು ಗೌರವದ್ದು, ಒಂದು ಸ್ಪರ್ಧೆಯದ್ದು. 1992ರಲ್ಲಿ ಹೆಂಡತಿಯ ಆಸ್ಪತ್ರೆ ಖರ್ಚಿಗೆ ಅಂತ ಒಂದನ್ನು ಹರಾಜಿಗೆ ಕೊಟ್ಟ, 60,500 ಡಾಲರ್ ಬಂತು. ಆಗ ಕೆಲವರು ಬೈದರು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ.

ಹೊಸಬಳು

ಎಲ್ಲರಿಗೂ ನಮಸ್ಕಾರ. ನಾನು ಹಳೇ ಇಂಗ್ಲಿಷ್ ಚಿತ್ರ ಒಂದೂ ನೋಡಿಲ್ಲ. ಕಪ್ಪು ಬಿಳುಪು ಅಂದರೆ ಸ್ವಲ್ಪ ಹಿಂಜರಿಕೆ. ನೀವೆಲ್ಲ ಬರೆದದ್ದು ಓದಿ ಆಸೆಯಾಗುತ್ತಿದೆ. ಎಲ್ಲಿಂದ ಶುರು ಮಾಡಲಿ?

ಹಳೇ ರೀಲು

‘ರಿಯರ್ ವಿಂಡೋ’ (1954) ನೋಡಮ್ಮ. ಬಣ್ಣದ್ದು. ಹಿಚ್‌ಕಾಕ್. ಕಾಲು ಮುರಿದು ಕಿಟಕಿ ಹತ್ತಿರ ಕೂತ ಫೋಟೋಗ್ರಾಫರ್, ಎದುರು ಮನೆಯಲ್ಲಿ ಕೊಲೆಯಾಗಿದೆ ಅಂತ ಅವನ ಅನುಮಾನ. ಅವನನ್ನು ನೋಡಿಕೊಳ್ಳುವ ನರ್ಸ್ ಸ್ಟೆಲ್ಲಾ ಯಾರು ಗೊತ್ತಾ? ಥೆಲ್ಮಾ ರಿಟ್ಟರ್. ತಿಂಡಿ ತಟ್ಟೆ ತಂದುಕೊಡುವ ದೃಶ್ಯ ಬಂದಾಗ ಹುಷಾರಾಗಿ ನೋಡು.

ಹೊಸಬಳು

ನೋಡಿದೆ! ಶನಿವಾರ ರಾತ್ರಿ, ಅಮ್ಮನ ಜೊತೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ನಾನು ಅಲ್ಲಲ್ಲಿ ಹೇಳುತ್ತಿದ್ದೆ. ಸ್ಟೆಲ್ಲಾ ತಿಂಡಿ ಇಟ್ಟು, ಅವನು ಹೆಂಡತಿಯನ್ನು ಎಲ್ಲಿ ಕತ್ತರಿಸಿರಬಹುದು, ಬಚ್ಚಲ ತೊಟ್ಟಿಯೇ ಸರಿ, ರಕ್ತ ತೊಳೆಯಲು ಅಲ್ಲೇ ಸುಲಭ ಅಂತ ಮನೆ ಲೆಕ್ಕ ಹೇಳಿದ ಹಾಗೆ ಹೇಳುತ್ತಾಳಲ್ಲ, ಅವನ ಕೈಯಲ್ಲಿ ಫೋರ್ಕ್ ಹಾಗೇ ನಿಂತುಬಿಟ್ಟಿತು. ಅಲ್ಲಿ ಅಮ್ಮನಿಗೆ ನಾನು ಏನೂ ಹೇಳಬೇಕಾಗಲಿಲ್ಲ. ನನಗಿಂತ ಮುಂಚೆ ಅವರೇ ನಕ್ಕರು.

ಚಿತ್ರ ಮುಗಿದ ಮೇಲೆ ಅಮ್ಮ ಆ ಸುಂದರಿ ನಾಯಕಿಯ ಬಗ್ಗೆ ಕೇಳಲಿಲ್ಲ. ‘ಆ ನರ್ಸಮ್ಮ ಬೇರೆ ಯಾವ ಪಿಕ್ಚರಲ್ಲಿ ಇದ್ದಾಳೆ?’ ಅಂದರು. ಮೋ ಕಥೆ ಹೇಳಿದೆ. ಟೈ ಮಾರುವುದು, ಮಣ್ಣಿನ ಖರ್ಚಿಗೆ ಕೂಡಿಡುವುದು, ಎಲ್ಲ. ಕೊನೆಗೆ ಅವಳನ್ನು ಎಲ್ಲಿ ಹೂಳಿದರು ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ.

ಹಳೇ ರೀಲು

ಅಮ್ಮನಿಗೆ ಹೇಳು: ಅನಾಥರ ಜಾಗಕ್ಕೆ ಒಯ್ಯುವ ದೋಣಿಗೆ ಅವಳ ಪೆಟ್ಟಿಗೆ ಏರಿಸಿದ್ದರು. ಆ ಜೇಬುಗಳ್ಳ ಬಂದು ಇಳಿಸಿಕೊಂಡ. ತಾನೇ ಮಣ್ಣು ಮಾಡಿಸುತ್ತೇನೆ ಅಂತ ಹೇಳಿ ಕರೆದುಕೊಂಡು ಹೋದ.

ಹೊಸಬಳು

ಹೇಳಿದೆ. ‘ಸದ್ಯ’ ಅಂದರು. ಭಾನುವಾರ ಅದನ್ನೇ ಹಾಕು ಅಂದಿದ್ದಾರೆ, ಕಪ್ಪು ಬಿಳುಪಾದರೂ ಪರವಾಗಿಲ್ಲವಂತೆ.